ಹೊಗ್ಲಾಳ ಏಳು ದಿನ

ಹೊಗ್ಲಾಳ ಕೈಯ ರೊಟ್ಟಿಯನ್ನು ಬೈದವರಿಲ್ಲ, ಅವಳ ಬಾಯಿಯನ್ನು ಹೊಗಳಿದವರಿಲ್ಲ. ಗಲಿಲಾಯದ ಬೆಟ್ಟಗಳ ನಡುವಿನ ಆ ಕೋಟೆಯೂರಿನಲ್ಲಿ, ಹೆಬ್ಬಾಗಿಲಿನಿಂದ ಮೂರನೆಯ ಮನೆ ಅವಳದು. ಅಂಗಳದಲ್ಲಿ ಸೊಂಟದೆತ್ತರದ ಮಣ್ಣಿನ ಒಲೆ. ಬೆಳಕು ಹರಿಯುವ ಮೊದಲೇ ಹಿಟ್ಟು ನಾದಿ, ಅದರಿಂದ ಯಾಜಕರಿಗೆಂದು ಒಂದು ಹಿಡಿ ತೆಗೆದಿಟ್ಟು, ಉಳಿದದ್ದನ್ನು ಒಲೆಯ ಒಳಗೋಡೆಗೆ ಬಡಿದು ಬೇಯಿಸಿ, ಬಿಸಿಲೇರುವ ಹೊತ್ತಿಗೆ ಊರಿನ ಅರ್ಧ ಮನೆಗಳಿಗೆ ಹಂಚಿ ಮುಗಿಸುತ್ತಿದ್ದಳು. ಮೊಣಕೈವರೆಗೆ ರೋಮ ಸುಟ್ಟುಹೋಗಿ ಕೈಗಳು ನುಣ್ಣಗಾಗಿದ್ದವು. ಅಪ್ಪ ಅಮ್ಮ ಸತ್ತಿದ್ದರು. ಮನೆಯಲ್ಲಿ ಅಣ್ಣ ಎಲ್ದಾದ್, ಅತ್ತಿಗೆ ತಿಮ್ನಾ. ಅಣ್ಣ ಮಾತಾಡುವವನಲ್ಲ. ಅವನ ಪಾಲಿನದನ್ನೂ ತಿಮ್ನಾಳೇ ಆಡಿ ಮುಗಿಸುತ್ತಿದ್ದಳು.

ಹೊಗ್ಲಾಳಿಗೆ ಹದಿನೇಳು ತುಂಬಿದಾಗ ಶೋಬಾಲ್ ಎಂಬವನ ಜೊತೆ ನಿಶ್ಚಯವಾಯಿತು. ಅವನು ನೀರಿನ ತೊಟ್ಟಿಗಳಿಗೂ ಮಡಿಗೆಂದು ಮುಳುಗು ಹಾಕುವ ಕೊಳಗಳಿಗೂ ಸುಣ್ಣದ ಗಾರೆ ಬಳಿಯುವವನು. ಅವನು ಬಳಿದ ತೊಟ್ಟಿ ಸೋರಿದ್ದು ಕೇಳಿದವರಿಲ್ಲ. ನಮ್ಮಲ್ಲಿ ನಿಶ್ಚಯವೆಂದರೆ ಮುಕ್ಕಾಲು ಮದುವೆ. ಗಂಡು ಬಿಡುಗಡೆಪತ್ರ ಬರೆದುಕೊಡದೆ ಅದು ಬಿಡುವುದಿಲ್ಲ, ಆದರೆ ಹೆಣ್ಣು ಗಂಡಿನ ಮನೆ ತುಂಬುವುದು ಒಂದು ವರ್ಷ ಕಳೆದ ಮೇಲೆ. ಆ ವರ್ಷ ಮುಗಿಯಲು ಇನ್ನು ಇಪ್ಪತ್ತು ದಿನವಿದ್ದಾಗ ಶೋಬಾಲನ ಕೊರಳಮೂಳೆಯ ಕೆಳಗೆ ಒಂದು ಬಿಳಿ ಕಲೆ ಕಾಣಿಸಿಕೊಂಡಿತು. ಸುಣ್ಣ ಸಿಡಿದು ಸುಟ್ಟಿರಬೇಕು ಎಂದು ಅವನು ಎಣ್ಣೆ ಸವರಿ ಸುಮ್ಮನಾದ. ಎಣ್ಣೆ ಒಣಗಿತು, ಕಲೆ ಒಣಗಲಿಲ್ಲ.

ಇಂಥದ್ದನ್ನು ನೋಡಿ ಹೇಳಬೇಕಾದವನು ಯಾಜಕ. ಊರಿನ ಯಾಜಕ ಯಾಖೀನ್ ಹೊಟ್ಟೆಪಾಡಿಗೆ ಜೇನು ಸಾಕುತ್ತಿದ್ದ. ದೇವಾಲಯದ ಸರದಿ ಬಂದಾಗ ವರ್ಷಕ್ಕೆರಡು ಸಲ ಯೆರೂಸಲೇಮಿಗೆ ಹೋಗಿ ಬರುತ್ತಿದ್ದ, ಮಿಕ್ಕ ದಿನ ಕೈಮುಖವೆಲ್ಲ ಜೇನ್ನೊಣ ಕಚ್ಚಿಸಿಕೊಂಡು ಓಡಾಡುತ್ತಿದ್ದ. ಆದರೆ ಬಿಳುಪಿನ ವಿಷಯದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಹಿಮದ ಬಿಳುಪು ಬೇರೆ, ಸುಣ್ಣದ ಬಿಳುಪು ಬೇರೆ, ಉಣ್ಣೆಯದು ಬೇರೆ, ಮೊಟ್ಟೆಯೊಳಗಿನ ಪೊರೆಯದು ಬೇರೆ. ಶೋಬಾಲನನ್ನು ಮಧ್ಯಾಹ್ನಕ್ಕೆ ಮೊದಲು, ನೆರಳಿಲ್ಲದ ಅಂಗಳದಲ್ಲಿ ನಿಲ್ಲಿಸಿ ನೋಡಿದ. ಏಳು ದಿನ ಕೂಡಿಹಾಕಿಸಿದ. ಮತ್ತೆ ನೋಡಿದಾಗ ಕಲೆ ಹರಡಿತ್ತು. "ಮೈಲಿಗೆ" ಎಂದ.

ಆ ಒಂದು ಮಾತು ಯಾಜಕನ ಬಾಯಿಂದ ಬೀಳುವ ತನಕ ಮನುಷ್ಯ ಮಡಿಯೇ. ಊರಿಗೆ ಊರೇ ಕಲೆ ನೋಡಿ ಮೂಗು ಮುಚ್ಚಿಕೊಂಡರೂ ಅವನು ಮಡಿಯೇ. ಮಾತು ಬಿದ್ದ ಮೇಲೆ ಅವನು ಕೋಟೆಯ ಹೊರಗೆ. ಬಟ್ಟೆ ಹರಿದುಕೊಂಡು, ಕೂದಲು ಕೆದರಿಕೊಂಡು, ಬಾಯಿಗೆ ಬಟ್ಟೆ ಹಿಡಿದು, ಎದುರಿಗೆ ಯಾರು ಬಂದರೂ "ಮೈಲಿಗೆ, ಮೈಲಿಗೆ" ಎಂದು ತಾನೇ ಕೂಗಬೇಕು. ಶೋಬಾಲ್ ಹೀಗೆ ಹೊರಟುಹೋದ ದಿನ ಹೊಗ್ಲಾ ಮದುವೆಗೆಂದು ಜರಡಿ ಹಿಡಿದಿಟ್ಟಿದ್ದ ಗೋಧಿಹಿಟ್ಟನ್ನು ವಾಪಸ್ಸು ಗುಡಾಣಕ್ಕೆ ಸುರಿದಳು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ.

ಇಂಥ ಗಂಡಿನಿಂದ ಬಿಡುಗಡೆ ಕೇಳಿದರೆ ಹಿರಿಯರು ಇಲ್ಲವೆನ್ನುವುದಿಲ್ಲ. ಬರೆಯದಿದ್ದರೆ ಬಲವಂತ ಮಾಡಿಯಾದರೂ ಬರೆಸಿಕೊಡುತ್ತಾರೆ. ತಿಮ್ನಾ ಒಂದು ತಿಂಗಳು ಬಿಡದೆ ಇದನ್ನೇ ರುಬ್ಬಿದಳು.

"ಪತ್ರ ಬರೆಸ್ಕೋ ಕಣೇ. ಚರ್ಮಾನೇ ನೆಟ್ಟಗಿಲ್ದೋನ ಜೊತೆ ಏನ್ ಬಾಳ್ತೀಯ?"

"ರೊಟ್ಟಿ ಒಂದು ಕಡೆ ಸೀದ್ರೆ ಇರೋ ಹಿಟ್ಟೆಲ್ಲ ಚೆಲ್ತಾರಾ ಅತ್ತಿಗೆ?"

"ಅವನು ಒಂದು ಕಡೆ ಸೀದಿಲ್ಲಮ್ಮ, ಸುತ್ತಲೂ ಸೀದಿದಾನೆ!"

"ನಿಮ್ಮ ರೊಟ್ಟೀನೂ ಹಂಗೇ ಇರತ್ತೆ. ಅಣ್ಣ ತಿನ್ತಾ ಇಲ್ವಾ?"

ಆಮೇಲೆ ತಿಮ್ನಾ ಹತ್ತು ದಿನ ಮಾತು ಬಿಟ್ಟಳು. ಮನೆಯಲ್ಲಿ ಎಲ್ಲರಿಗೂ ಸುಖವಾಯಿತು.

ನಾಲ್ಕು ವರ್ಷ ಶೋಬಾಲ್ ಕೋಟೆಯ ಹೊರಗೆ, ಇಳಿಜಾರಿನ ಒಂದು ಕ್ಯಾರಬ್ ಮರದ ಕೆಳಗೆ ಗುಡಿಸಲು ಕಟ್ಟಿಕೊಂಡಿದ್ದ. ಹೊಗ್ಲಾ ದಿನಾ ರೊಟ್ಟಿಯನ್ನು ಬಂಡೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಅವನು ಬಂದು ತೆಗೆದುಕೊಂಡು ಮರದ ಹತ್ತಿರಕ್ಕೆ ಹೋದ ಮೇಲೆ ಅಲ್ಲಿಂದಿಲ್ಲಿಗೆ ಕೂಗಿ ಮಾತಾಡುವುದು. ಊರಿನ ಸುದ್ದಿ, ಯಾರ ತೊಟ್ಟಿ ಸೋರುತ್ತಿದೆ, ಯಾರು ಕೆಟ್ಟ ಗಾರೆ ಬಳಿದರು. ಪರರ ಗಾರೆಯ ತಪ್ಪು ಹುಡುಕುವುದರಲ್ಲಿ ಅವನಿಗಿದ್ದ ಸಂತೋಷ ಊಟದಲ್ಲೂ ಇರಲಿಲ್ಲ.

ಕಲೆ ಮಾತ್ರ ಹರಡುತ್ತಲೇ ಇತ್ತು. ಎದೆ, ತೋಳು, ಹೊಟ್ಟೆ, ತೊಡೆ. ಮೂರನೆಯ ವರ್ಷದ ಮಳೆಗಾಲ ಮುಗಿಯುವಾಗ ಯಾಖೀನ್ ಜೇನುಗೂಡು ನೋಡಲು ಆ ಕಡೆ ಬಂದವನು ದೂರದಲ್ಲೇ ನಿಂತು ಒಂದು ವಿಷಯ ಹೇಳಿದ.

"ಕೇಳೋ ಶೋಬಾಲ್. ಅರ್ಧಂಬರ್ಧ ಬಿಳಿ ಇದ್ರೆ ಮೈಲಿಗೆ. ಅಡಿಯಿಂದ ಮುಡಿವರೆಗೆ ಪೂರ್ತಿ ಬಿಳಿಯಾದ್ರೆ ಮಡಿ. ನಿಯಮ ಹಂಗಿದೆ."

"ಪೂರ್ತಿ ಕೆಟ್ಟೋದ್ರೆ ಒಳಗೆ ಕರ್ಕೋತೀರಾ?"

"ಯಾಕೆ ಅಂತ ಕೇಳ್ಬೇಡಪ್ಪ, ನನಗೂ ಗೊತ್ತಿಲ್ಲ. ಚನ್ನಂಗಿ ಕಾಳಿನಷ್ಟು ಮೈಬಣ್ಣ ಉಳಿದಿದ್ರೂ ನಾನು ಆಗಲ್ಲ ಅನ್ನೋನೇ."

ಅಂದಿನಿಂದ ಶೋಬಾಲನ ಪ್ರಾರ್ಥನೆ ತಿರುವುಮುರುವಾಯಿತು. ಇಡೀ ಊರು ದೇವರಲ್ಲಿ ಆರೋಗ್ಯ ಕೇಳುತ್ತಿದ್ದರೆ ಅವನು ಮಿಕ್ಕಿದ್ದೂ ಹಾಳಾಗಲಿ ಎಂದು ಕೇಳುತ್ತಿದ್ದ. ಕೊನೆಗೆ ಸೊಂಟದ ಹಿಂದೆ ಒಂದೇ ಒಂದು ತುಂಡು ಗೋಧಿಬಣ್ಣದ ಚರ್ಮ ಉಳಿಯಿತು. ಅವನಿಗೆ ಅದು ಕಾಣುತ್ತಿರಲಿಲ್ಲ. ರೊಟ್ಟಿ ತೆಗೆದುಕೊಂಡು ಹೋಗಿ ಅಂಗಿ ಎತ್ತಿ ಬೆನ್ನು ತಿರುಗಿಸುತ್ತಿದ್ದ, ಹೊಗ್ಲಾ ಕಣ್ಣು ಕಿರಿದುಮಾಡಿ ನೋಡುತ್ತಿದ್ದಳು.

"ಎಷ್ಟಿದೆ?"

"ಅವರೆಕಾಳಿನಷ್ಟು!"

"ಹೋದ ವಾರಾನೂ ಅಷ್ಟೇ ಹೇಳಿದ್ದೆ!"

"ನಾನೇನ್ ಮಾಡ್ಲಿ? ಬಂದು ಸುಣ್ಣ ಬಳೀಲಾ?"

ನಾಲ್ಕನೆಯ ವರ್ಷದ ವಸಂತದಲ್ಲಿ ಅದೂ ಹೋಯಿತು. ಯಾಖೀನ್ ಬಂದು, "ಗುದ್ದಲಿ ಹಿಡಿದು ಅಗಿಯೋನ ಹಂಗೆ ನಿಂತ್ಕೋ" ಎಂದ. "ಕೈಯೆತ್ತು, ಆಲಿವ್ ಕಾಯಿ ಕೀಳೋ ಹಂಗೆ" ಎಂದ. ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ಮಡಿ ಎಂದ. ಹರಿಯುವ ನೀರು ತರಿಸಿ, ಒಂದು ಹಕ್ಕಿಯನ್ನು ಮಣ್ಣಿನ ಪಾತ್ರೆಯ ಮೇಲೆ ಕೊಯ್ದು, ಇನ್ನೊಂದನ್ನು ಬಯಲಿಗೆ ಹಾರಿಬಿಟ್ಟ. ಶೋಬಾಲನ ತಲೆ, ಗಡ್ಡ, ಹುಬ್ಬು, ಮೈಮೇಲಿನ ಎಳೆಯೆಳೆ ರೋಮ ಎಲ್ಲ ಬೋಳಿಸಿದ್ದಾಯಿತು. ಏಳು ದಿನ ಬಿಟ್ಟು ಇನ್ನೊಮ್ಮೆ ಬೋಳಿಸಿದ್ದಾಯಿತು. ಯೆರೂಸಲೇಮಿಗೆ ಹೋಗಿ ಬಲಿ ಕೊಟ್ಟು ಅವನು ಊರಿನ ಹೆಬ್ಬಾಗಿಲು ದಾಟಿ ಒಳಗೆ ಬಂದಾಗ ಒಂದು ನಾಯಿಗೂ ಗುರುತು ಸಿಗಲಿಲ್ಲ.

"ನಾದಿಟ್ಟ ಹಿಟ್ಟು ನಡ್ಕೊಂಡು ಬಂದ ಹಂಗಿದೆ" ಎಂದಳು ತಿಮ್ನಾ. "ನಿನಗೆ ಸರಿಯಾದ ಗಂಡು ಕಣೇ."

ವಾರಗಳು ಕಳೆದು ಹುಬ್ಬಿನಲ್ಲಿ ನಾಲ್ಕು ಕೂದಲು ಚಿಗುರಿದ ಮೇಲೆ, ಕನ್ಯೆಯರ ಮದುವೆಗೆ ಗೊತ್ತಾದ ವಾರದ ನಾಲ್ಕನೆಯ ದಿನ, ಹೊಗ್ಲಾಳ ಮದುವೆಯಾಯಿತು. ಕೊಳಲು, ಮಿರ್ಟಲ್ ಸೊಪ್ಪಿನ ಕೊಂಬೆ, ಹುರಿದ ಕಾಳು, ದ್ರಾಕ್ಷಾರಸ, ಯಾವುದಕ್ಕೂ ಕಮ್ಮಿಯಿರಲಿಲ್ಲ. ಜನ ಶೋಬಾಲನ ಕೈ ಹಿಡಿದು ಕುಣಿದರು, ಕುಣಿದ ಮೇಲೆ ತಮ್ಮ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಅವನು ಇದನ್ನೆಲ್ಲ ಕಂಡೂ ನಗುತ್ತಿದ್ದ. ಮುಂದಿನ ಬದುಕಿನ ಲೆಕ್ಕವನ್ನು ಆಗಲೇ ಹಾಕಿಕೊಂಡಿದ್ದ.

"ಈ ಮೈ ಇನ್ನು ಇಷ್ಟೇ ಕಣೇ" ಎಂದ ಹೊಗ್ಲಾಳಿಗೆ. "ಬಿಸಿಲಿಗೆ ಸುಡತ್ತೆ, ಚಳಿಗೆ ಬಿರಿಯತ್ತೆ. ಚರ್ಮ ಅನ್ನೋದು ನನಗೆ ಮುಗಿದ ವಿಷಯ. ಒಳಗೆ ಬಂದೆನಲ್ಲ, ಸಾಕು."

ಮಾರನೆಯ ಬೆಳಿಗ್ಗೆ ಅವನು ತನ್ನ ಮನೆಯ ಅಂಗಳದಲ್ಲಿ ಕೂತಿದ್ದ. ಬಿರಿದ ಬೆನ್ನಿಗೆ ಎಣ್ಣೆ ಹಚ್ಚುವುದು ಈಗ ಅವಳ ಹಕ್ಕು, ಯಾರೂ ದೂರ ನಿಲ್ಲು ಎನ್ನುವಂತಿಲ್ಲ. ಅಂಗೈ ತುಂಬ ಎಣ್ಣೆ ಹುಯ್ದುಕೊಂಡು ಹೆಗಲಿನಿಂದ ಕೆಳಗೆ ಉಜ್ಜುತ್ತ ಬಂದವಳು ಎರಡು ರೆಕ್ಕೆಮೂಳೆಗಳ ನಡುವೆ ಕೈ ನಿಲ್ಲಿಸಿದಳು. ಅಲ್ಲೊಂದು ಗೋಧಿಬಣ್ಣದ ಚುಕ್ಕೆ. ರೊಟ್ಟಿಯ ಚೂರು ಅಂಟಿರಬಹುದೆಂದು ಉಗುರಿನಿಂದ ಕೆರೆದಳು.

"ಏಯ್, ಏನೇ ಅದು?"

"ಏನಿಲ್ಲ. ಕಸ."

ಅದು ಕಸವಾಗಿರಲಿಲ್ಲ, ಚರ್ಮವಾಗಿತ್ತು. ನೆಟ್ಟಗಿರುವ, ಎಲ್ಲರಿಗೂ ಇರುವಂಥ ಚರ್ಮ. ಚನ್ನಂಗಿ ಕಾಳಿಗಿಂತ ಕೂದಲೆಳೆಯಷ್ಟು ದೊಡ್ಡದು. ಪೂರ್ತಿ ಬಿಳಿಯಾಗಿ ಮಡಿಯಾದವನ ಮೈಮೇಲೆ ಮತ್ತೆ ಮೈಬಣ್ಣ ಚಿಗುರಿದರೆ ಅವನು ಮತ್ತೆ ಮೈಲಿಗೆ. ಯಾಜಕ ನೋಡಿದರೆ ಹೊರಗೆ ಕಳಿಸಬೇಕು. ಅವಳು ಅವನ ಅಂಗಿಯನ್ನು ಎಳೆದು ಹೊದಿಸಿದಳು.

ಸದ್ಯಕ್ಕೆ ಒಂದು ಆಸರೆಯಿತ್ತು. ಮದುಮಗನಿಗೆ ಏಳು ದಿನ ಔತಣ. ಆ ಏಳು ದಿನ ಯಾಜಕ ಅವನ ಕಲೆ ನೋಡುವುದಿಲ್ಲ, ತೋರಿಸಿದರೂ ಮುಖ ತಿರುಗಿಸುತ್ತಾನೆ. ಆಮೇಲೆ? ಆಮೇಲೂ ಅದು ಅಂಗಿಯ ಒಳಗೆ, ಅವನಿಗೇ ಕಾಣದ ಜಾಗದಲ್ಲಿ ಇರುವಂಥದ್ದು. ತಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಯೆಹೂದಿ ಹೆಂಗಸು, ದಿನಾ ಹಿಟ್ಟಿನಲ್ಲಿ ಯಾಜಕರ ಪಾಲು ತೆಗೆದಿಡುವವಳು, ಇದನ್ನು ಎಷ್ಟು ದಿನ ನುಂಗಿಕೊಂಡಿರಲು ಸಾಧ್ಯ? ಹೊಗ್ಲಾ ಮೂರನೆಯ ದಾರಿಯೊಂದನ್ನು ಹುಡುಕಿಕೊಂಡಳು. ಚುಕ್ಕೆ ಮತ್ತೆ ಬಿಳಿಯಾಗಿಬಿಟ್ಟರೆ ಯಾರೂ ಯಾರಿಗೂ ಸುಳ್ಳು ಹೇಳಬೇಕಿಲ್ಲ.

ಈ ಚರ್ಮ ಎಲ್ಲಿಂದ ಬಂತೆಂದು ಅವಳು ಯೋಚಿಸಿದಳು. ಗೋಧಿರೊಟ್ಟಿಯಿಂದ, ಮಾಂಸದಿಂದ, ಎಣ್ಣೆಯಿಂದ, ಬಿಸಿಲಿನಿಂದ. ಎಲ್ಲ ತಾನೇ ಮುಂದೆ ನಿಂತು ಮಾಡಿದ್ದು. ಹಾಗಾದರೆ ತಾನೇ ನಿಲ್ಲಿಸಬೇಕು.

ಮದುವೆಮನೆಯ ಎರಡನೆಯ ದಿನದಿಂದ ಶೋಬಾಲನ ಗ್ರಹಚಾರ ಕೆಟ್ಟಿತು. ಹುರಿದ ಕುರಿಯ ತೊಡೆ ಅವನ ಮುಂದೆ ಬರುವಷ್ಟರಲ್ಲಿ ಹೊಗ್ಲಾ ಅದನ್ನು ಪಕ್ಕದವರಿಗೆ ದಾಟಿಸುತ್ತಿದ್ದಳು. ಎಲ್ಲರಿಗೂ ಗೋಧಿರೊಟ್ಟಿ, ಅವನಿಗೆ ಬಾರ್ಲಿಯದು. ಮಾಳಿಗೆಯ ಮೇಲೆ ಬಿಸಿಲಿಗೆ ಕೂರಲು ಹೊರಟರೆ ಒಳಗೆ ಕರೆಯುತ್ತಿದ್ದಳು. ಎಣ್ಣೆ ಕೇಳಿದರೆ ಮುಗಿದಿದೆ ಎನ್ನುತ್ತಿದ್ದಳು. ಮೂಲೆಯಲ್ಲಿ ಎಣ್ಣೆಯ ಜಾಡಿ ಕಂಠಮಟ್ಟ ತುಂಬಿ ನಿಂತಿತ್ತು.

"ಅಲ್ಲ ಕಣೇ" ಎಂದ ನಾಲ್ಕನೆಯ ದಿನ, ಬಾರ್ಲಿ ರೊಟ್ಟಿಯನ್ನು ಮುರಿಯಲು ಹೆಣಗುತ್ತ. "ಹೊರಗಿದ್ದಾಗ ಬಂಡೆ ಮೇಲೆ ಎಂಥಾ ರೊಟ್ಟಿ ಇಡ್ತಿದ್ದೆ! ಕಟ್ಕೊಂಡ ಮೇಲೆ ಬಂಡೇನೇ ತಿನ್ನಿಸ್ತಾ ಇದೀಯಲ್ಲ."

"ಜಾಸ್ತಿ ತಿಂದ್ರೆ ಹೊಟ್ಟೆ ಕೆಡತ್ತೆ."

"ಮೂರು ದಿನದಿಂದ ಖಾಲಿ ಇರೋ ಹೊಟ್ಟೆ ಕಣೇ ಇದು. ಕೆಡೋಕೆ ಅದರಲ್ಲಿ ಏನಾದ್ರೂ ಇರಬೇಕಲ್ಲ!"

ಕೂತವರೆಲ್ಲ ನಕ್ಕರು. ಮದುಮಗಳು ಈಗಲೇ ಗಂಡನನ್ನು ಹದ್ದುಬಸ್ತಿನಲ್ಲಿಟ್ಟಳೆಂದು ತಿಮ್ನಾ ಊರೆಲ್ಲ ಸಾರಿಕೊಂಡು ಬಂದಳು. ಹೊಗ್ಲಾಳಿಗೆ ಮಾತ್ರ ದಿನಕ್ಕೆ ಹತ್ತು ಸಲ ಏನಾದರೊಂದು ನೆಪದಿಂದ ಅವನ ಬೆನ್ನು ನೋಡುವ ಕೆಲಸ. ಮೂರನೆಯ ದಿನ ಚುಕ್ಕೆ ಅವರೆಕಾಳಿನಷ್ಟಾಗಿತ್ತು. ನಾಲ್ಕನೆಯ ದಿನ ಅಷ್ಟೇ ಇತ್ತು. ಐದನೆಯ ದಿನವೂ ಅಷ್ಟೇ.

ಆರನೆಯ ದಿನ ಬೆಳಿಗ್ಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೊಳಲಿನವರು ಬಂದರೂ ಏಳಲಿಲ್ಲ. "ಮೈಯಲ್ಲಿ ಶಕ್ತೀನೇ ಇಲ್ಲ" ಎಂದು ಗೊಣಗಿದ. ಹೊಗ್ಲಾ ಅಂಗಿ ಸರಿಸಿ ಬಗ್ಗಿ ನೋಡಿದಳು. ಚುಕ್ಕೆಯ ಅಂಚು ಮಸುಕಾಗಿತ್ತು. ಗೋಧಿಬಣ್ಣ ತೆಳುವಾಗಿ, ಸುತ್ತಲಿನ ಬಿಳುಪು ಒಳಗೆ ಜಾರಿದ ಹಾಗಿತ್ತು. ಸಂತೋಷದಿಂದ ಎರಡೂ ಕೈ ಮುಗಿದು, "ದೇವರೇ, ಇನ್ನು ಎರಡು ದಿನ" ಎಂದಳು, ಸ್ವಲ್ಪ ಗಟ್ಟಿಯಾಗಿಯೇ.

"ಏನಂದೆ?" ಎಂದ ಶೋಬಾಲ್, ತಿರುಗದೆ.

ತಾನು ಯಾವುದಕ್ಕೆ ಸಂತೋಷಪಟ್ಟೆ ಎಂಬುದು ಆಗಷ್ಟೇ ಅವಳಿಗೆ ತಿಳಿದಿತ್ತು. ಗಂಡ ನಿತ್ರಾಣವಾಗಿ ಮಲಗಿದ್ದಾನೆ, ಅವನ ಮೈಯಲ್ಲಿ ಹೊಸದಾಗಿ ಹುಟ್ಟಿದ ಒಂದೇ ಒಂದು ಒಳ್ಳೆಯ ತುಂಡು ಸಾಯುತ್ತಿದೆ, ಅದನ್ನು ಕಂಡು ತಾನು ದೇವರಿಗೆ ಕೈ ಮುಗಿಯುತ್ತಿದ್ದೇನೆ. ನಾಚಿಕೆ ಎಂಬುದು ಅವಳಿಗೆ ಸುಲಭಕ್ಕೆ ಆಗುವಂಥದ್ದಲ್ಲ. ಅವತ್ತು ಆಯಿತು. ಅಂಗಳಕ್ಕೆ ಹೋಗಿ ಒಲೆ ಹೊತ್ತಿಸಿದಳು. ಆಮೇಲೆ ಗೋಧಿಹಿಟ್ಟು ನಾದಿದಳು.

ಬಿಸಿರೊಟ್ಟಿ, ಮಾಂಸ, ಒತ್ತಿ ಉಂಡೆ ಕಟ್ಟಿದ ಅಂಜೂರ, ಎಲ್ಲ ತಂದು ಮುಂದಿಟ್ಟಾಗ ಶೋಬಾಲ್ ಎದ್ದು ಕೂತ. "ಇವತ್ತೇನು, ಯಾರಾದ್ರೂ ಸತ್ರಾ?" ಎಂದ.

"ತಿನ್ನು ಸುಮ್ನೆ."

ತಿಂದ. ಮಾಳಿಗೆಯ ಬಿಸಿಲಿಗೆ ಅವಳೇ ಕರೆದುಕೊಂಡು ಹೋದಳು. ಜಾಡಿಯನ್ನೇ ಎತ್ತಿಕೊಂಡು ಬಂದು ಬೆನ್ನಿಗೆ ಎಣ್ಣೆ ಸುರಿದಳು.

"ಎಣ್ಣೆ ಮುಗಿದಿತ್ತಲ್ಲ?"

"ಸಿಕ್ತು."

ಏಳನೆಯ ದಿನವೂ ಹಾಗೆಯೇ ಆಯಿತು. ಎಂಟನೆಯ ದಿನ ಬೆಳಿಗ್ಗೆ ಅವಳು ನೋಡಿದಾಗ ಚುಕ್ಕೆ ಎರಡು ಅವರೆಕಾಳು ಜೋಡಿಸಿಟ್ಟಷ್ಟು ಅಗಲವಾಗಿ, ಬಣ್ಣ ಗಟ್ಟಿಯಾಗಿ ನಿಂತಿತ್ತು. ಬಿಸಿಲೇರುವ ತನಕ ಕಾದಳು. ಇನ್ನೂ ಒಂದು ದಿನ ಬಿಡಬಹುದಿತ್ತು, ಯಾರೂ ಕೇಳುವವರಿರಲಿಲ್ಲ. ಒಂದು ದಿನ ಬಿಟ್ಟರೆ ಒಂದು ವರ್ಷ ಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಮುಸುಕು ಹೊದ್ದು ಯಾಖೀನನ ಮನೆಗೆ ಹೋದಳು.

ಯಾಜಕ ಬಂದದ್ದು ನೋಡಿ ಶೋಬಾಲ್ ಎದ್ದು ಎದುರುಗೊಂಡ. "ಬನ್ನಿ, ಔತಣ ಮುಗೀತು, ಆದ್ರೂ ಜಾಡಿ ತಳದಲ್ಲಿ ಒಂದಿಷ್ಟು ಉಳಿದಿದೆ."

ಯಾಖೀನ್ ಕೂರಲಿಲ್ಲ. "ಅಂಗಿ ತೆಗಿ" ಎಂದಳು ಹೊಗ್ಲಾ.

ಶೋಬಾಲ್ ಹೆಂಡತಿಯ ಮುಖ ನೋಡಿದ, ಯಾಜಕನ ಮುಖ ನೋಡಿದ. ಅಂಗಿ ತೆಗೆದು ಅಂಗಳದ ನಡುವೆ, ನೆರಳಿಲ್ಲದ ಕಡೆ ಬೆನ್ನು ಮಾಡಿ ನಿಂತ. ಎಲ್ಲಿ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಯಾಖೀನ್ ಹತ್ತಿರ ಬಂದು ಬಹಳ ಹೊತ್ತು ನೋಡಿದ.

"ಇದನ್ನ ಮೊದಲು ನೋಡಿದ್ದು ಯಾರು?"

"ನಾನೇ" ಎಂದಳು ಹೊಗ್ಲಾ.

"ಅಂಗಿ ಮುಚ್ಚಿ ಸುಮ್ನಿರಬಹುದಿತ್ತಲ್ಲಮ್ಮ." ಅವನ ದನಿಯಲ್ಲಿ ಬೈಗುಳವಿರಲಿಲ್ಲ, ದಣಿವಿತ್ತು.

"ಮುಚ್ಚಿದ್ದೆ. ಏಳು ದಿನ ಮುಚ್ಚಿದ್ದೆ. ನಿಮ್ಮ ಮಾತು ನೀವು ಹೇಳಿ."

ಯಾಖೀನ್ ಹೇಳಿದ. ಮೈಲಿಗೆ. ಹೇಳಿ ಎರಡು ಹೆಜ್ಜೆ ಹಿಂದೆ ಸರಿದ. ಹೊಗ್ಲಾಳೂ ಸರಿಯಬೇಕಿತ್ತು, ಅವಳು ನಿಂತಲ್ಲೇ ನಿಂತಳು. ಶೋಬಾಲ್ ಅಳುತ್ತಾನೆ, ಇಲ್ಲವೇ ತನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದಳು. ಎರಡಕ್ಕೂ ಸಿದ್ಧವಾಗಿದ್ದಳು.

"ಎಷ್ಟಿದೆ?" ಎಂದ ಶೋಬಾಲ್.

"ಎರಡು ಅವರೆಕಾಳಿನಷ್ಟು."

"ಬಣ್ಣ?"

"ನನ್ನ ಕೈಯ ಬಣ್ಣ."

ಅವನು ಕುತ್ತಿಗೆ ತಿರುಚಿ, ಹೆಗಲ ಮೇಲಿಂದ, ಕಂಕುಳ ಕೆಳಗಿಂದ, ಹೇಗೆ ಹೇಗೋ ಬಗ್ಗಿ ನೋಡಲು ಒದ್ದಾಡಿದ. ಕಾಣಲಿಲ್ಲ. "ನಿಜವಾದ ಚರ್ಮಾನಾ? ಮೊದಲಿದ್ದ ಹಂಗೇನಾ?" ಎಂದು ಯಾಜಕನನ್ನು ಕೇಳಿದ. ಯಾಖೀನ್ ಹೌದೆಂದು ತಲೆಯಾಡಿಸಿದ. ಶೋಬಾಲ್ ನಗತೊಡಗಿದ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಯಾವತ್ತು ಬಂತೇ ಇದು?"

"ಮದುವೆ ಮಾರನೇ ದಿನ."

"ಏಳು ದಿನ! ಏಳು ದಿನದಿಂದ ನನಗೆ ಚರ್ಮ ಹುಟ್ತಾ ಇದೆ, ನನಗೊಂದು ಮಾತು ಹೇಳ್ಲಿಲ್ವಲ್ಲೇ ನೀನು!"

"ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ."

"ಹೋಗ್ತಿದ್ದೆ. ಕುಣ್ಕೊಂಡು ಹೋಗ್ತಿದ್ದೆ. ಚರ್ಮ ಅನ್ನೋದು ಮುಗಿದೇಹೋಯ್ತು ಅಂದ್ಕೊಂಡಿದ್ದೆ ಕಣೇ ನಾನು."

ಹೊಗ್ಲಾ ಕೆಟ್ಟ ಸುದ್ದಿಯೊಂದನ್ನು ಅವನಿಂದ ಬಚ್ಚಿಡುತ್ತಿದ್ದೇನೆಂದು ಏಳು ದಿನ ನಂಬಿಕೊಂಡಿದ್ದಳು.

ಅವನು ಅಂಗಿ ತೊಟ್ಟುಕೊಂಡ. ತೊಟ್ಟವನು ಕೈಗಳನ್ನು ಹಿಂದಕ್ಕೆ ಹಾಕಿ, ಕುತ್ತಿಗೆಯ ಹತ್ತಿರ ಬಟ್ಟೆ ಹಿಡಿದು, ಬೆನ್ನಿನುದ್ದಕ್ಕೂ ಸೊಂಟದ ತನಕ ಪರ್ರನೆ ಹರಿದ.

"ಹರಿಯೋದು ಎದೆ ಕಡೆ ಕಣೋ" ಎಂದ ಯಾಖೀನ್.

"ಹರಿದಿರಬೇಕು ಅಂತ ತಾನೇ ನಿಯಮ?"

ತಲೆಯ ಮೇಲಿದ್ದ ಚೋಟುದ್ದದ ಕೂದಲನ್ನು ಕೆದರಿಕೊಂಡು, ಬಾಯಿಗೆ ಬಟ್ಟೆ ಹಿಡಿದು ಹೊರಟ. ಬೀದಿಯ ಹೆಂಗಸರು ಬಾಗಿಲಿಗೆ ಬಂದರು. "ಮೈಲಿಗೆ! ಮೈಲಿಗೆ!" ಎಂದು ಅವನು ಕೂಗಿದ್ದು ಹಣ್ಣು ಮಾರುವವನ ಕೂಗಿನ ಹಾಗಿತ್ತು. ತಿಮ್ನಾ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಹೊಗ್ಲಾ ಹೆಬ್ಬಾಗಿಲಿನ ತನಕ ಹಿಂದೆ ಹಿಂದೆ ಬಂದಳು, ಅಲ್ಲಿ ನಿಂತಳು. ಅವನು ಇಳಿಜಾರು ಇಳಿಯುತ್ತ ಹೋದ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ನೋಡಿ" ಎಂದಳು, ಹಿಂದೆ ಬಂದು ನಿಂತಿದ್ದ ಯಾಖೀನನಿಗೆ. "ಒಂದು ಸಲಾನಾದ್ರೂ ತಿರುಗಿ ನೋಡಿದ್ನಾ?"

"ತಿರುಗಿದ್ರೆ ನಿನಗೆ ಬೆನ್ನು ಕಾಣ್ತಿರಲಿಲ್ವಲ್ಲಮ್ಮ" ಎಂದ ಯಾಖೀನ್.

ಅವಳು ಕಣ್ಣೊರೆಸಿಕೊಂಡು ನೋಡಿದಳು. ಹರಿದ ಅಂಗಿ ಎರಡು ಕಡೆಗೂ ಬಿಚ್ಚಿಕೊಂಡಿತ್ತು. ಆ ಬಿಳುಪಿನ ನಡುವೆ ಗೋಧಿಬಣ್ಣದ ಚುಕ್ಕೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಅವನು ಮರಗಳ ಮರೆಯಾಗುವ ತನಕ ಹೊಗ್ಲಾ ಅಲ್ಲಿಂದ ಕದಲಲಿಲ್ಲ.